ಕ್ರೆಡಿಟ್ ಕಾರ್ಡಿನ ಬಾಕಿ: ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ವರ್ಗಾಯಿಸುವ ಬಗೆ

ಲಿಂಗಸುಗೂರು, ಸಿಂಧನೂರು ಮತ್ತು ಮಸ್ಕಿ ತಾಲ್ಲೂಕುಗಳ ವ್ಯಾಪಾರವು ಉದ್ರಿಯ ಮೇಲೆ ನಿಂತಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ ಭತ್ತದ ನಾಟಿಯಾಗಲಿ, ನಾರಾಯಣಪುರ ಬಲದಂಡೆ ನಾಲೆಯ ಕೆಳಗೆ ಹತ್ತಿ, ತೊಗರಿಯ ಬಿತ್ತನೆಯಾಗಲಿ, ಬೀಜ, ಗೊಬ್ಬರ, ಕ್ರಿಮಿನಾಶಕಗಳಿಂದ ಹಿಡಿದು ಕಿರಾಣಿ, ಬಟ್ಟೆಯವರೆಗೆ ಎಲ್ಲವೂ ಮೊದಲು ಖಾತೆ ಪುಸ್ತಕಕ್ಕೆ ಏರುತ್ತವೆ. ಹಣ ಬರುವುದು ರಾಶಿಯಾಗಿ ಮಾಲು ಮಾರುಕಟ್ಟೆ ಸೇರಿದ ಮೇಲೆ. ಈ ಐದಾರು ತಿಂಗಳ ಅಂತರವನ್ನು ಹಿಂದೆ ಸಗಟು ವ್ಯಾಪಾರಿಯ ಉದ್ರಿ, ಅಡತಿ ಅಂಗಡಿಯ ಮುಂಗಡ, ಬಂಧುಗಳ ಕೈಗಡ ತುಂಬುತ್ತಿದ್ದವು. ಈಚಿನ ವರ್ಷಗಳಲ್ಲಿ ಆ ಸ್ಥಾನಕ್ಕೆ ಕ್ರೆಡಿಟ್ ಕಾರ್ಡ್ ಸದ್ದಿಲ್ಲದೆ ಬಂದು ಕುಳಿತಿದೆ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡುಗಳನ್ನು ಯು.ಪಿ.ಐ.ಗೆ ಜೋಡಿಸಲು ರಿಸರ್ವ್ ಬ್ಯಾಂಕ್ ಅವಕಾಶ ನೀಡಿದ ಮೇಲಂತೂ ಕಾರ್ಡನ್ನು ಜೇಬಿನಿಂದ ಹೊರತೆಗೆಯುವ ಅಗತ್ಯವೂ ಇಲ್ಲವಾಗಿದೆ.

ಕಾರ್ಡಿನಿಂದ ಪಾವತಿಸಿ, ಗಡುವಿನೊಳಗೆ ಪೂರ್ತಿ ಬಿಲ್ಲನ್ನು ಕಟ್ಟುವ ವರ್ತಕರಿಗೆ ಅದರಿಂದ ಅನುಕೂಲವೇ ಹೊರತು ಹಾನಿಯಿಲ್ಲ. ಗುರುಗುಂಟಾದಂತಹ ಊರಿನಲ್ಲಿ ಅಂಗಡಿ ನಡೆಸುವವರ ತೊಂದರೆಯೆಂದರೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ಬೆಳೆ ಆರು ತಿಂಗಳಿಗೊಮ್ಮೆ ಬರುತ್ತದೆ. ಈ ಎರಡು ಕಾಲಗಳ ನಡುವೆ ಸಿಕ್ಕಿಕೊಂಡ ಬಾಕಿಯನ್ನು ಕಡಿಮೆ ಬಡ್ಡಿಯ ಬೇರೊಂದು ಸಾಲಕ್ಕೆ ವರ್ಗಾಯಿಸುವುದು ಹೇಗೆ, ಯಾವ ಭಾಗವನ್ನು ಎಲ್ಲಿಗೆ ವರ್ಗಾಯಿಸಬೇಕು, ವರ್ಗಾಯಿಸುವಾಗ ಯಾವುದರಲ್ಲಿ ಎಚ್ಚರ ವಹಿಸಬೇಕು ಎಂಬುದು ಈ ಲೇಖನದ ವಿಷಯ.

ನಿಜವಾದ ದರ ಎಷ್ಟು?

ಕಾರ್ಡಿನ ಕಾಗದಪತ್ರಗಳಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ತೋರಿಸುವ ರೂಢಿಯಿದೆ. ಬಹುಪಾಲು ಸಾಮಾನ್ಯ ಕಾರ್ಡುಗಳಲ್ಲಿ ಇದು ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿರುತ್ತದೆ; ಕೆಲವರದು ಇನ್ನೂ ಸ್ವಲ್ಪ ಹೆಚ್ಚು. ಅಂದರೆ ವರ್ಷಕ್ಕೆ ಶೇ. 42. ನಮ್ಮ ವರ್ತಕರು ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಎಂದು ಕೈಸಾಲದವನು ಕೇಳಿದರೆ ಹುಬ್ಬೇರಿಸುತ್ತಾರೆ. ಅದೇ ದರವನ್ನು ಕಾರ್ಡಿನವನು ಸಣ್ಣ ಅಕ್ಷರದಲ್ಲಿ ಮುದ್ರಿಸಿದರೆ ಗಮನಿಸುವುದಿಲ್ಲ.

ಇದರ ಮೇಲೆ ಇನ್ನೊಂದು ಹೊರೆಯಿದೆ. ಬ್ಯಾಂಕ್ ಸಾಲದ ಬಡ್ಡಿಗೆ ಜಿ.ಎಸ್.ಟಿ. ವಿನಾಯಿತಿ ಇದೆ. ಆದರೆ ಈ ವಿನಾಯಿತಿಯಿಂದ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನು ಹೊರಗಿಡಲಾಗಿದೆ. ಆದ್ದರಿಂದ ಕಾರ್ಡಿನ ಬಡ್ಡಿಯ ಮೇಲೆ ಶೇ. 18ರ ಜಿ.ಎಸ್.ಟಿ. ಬೀಳುತ್ತದೆ. ಶೇ. 3.5 ಎಂಬುದು ಶೇ. 4.13 ಆಗುತ್ತದೆ, ವರ್ಷದ ಲೆಕ್ಕದಲ್ಲಿ ಶೇ. 49.56. ಕಾರ್ಡು ವೈಯಕ್ತಿಕ ಹೆಸರಿನಲ್ಲಿದ್ದು, ಬ್ಯಾಂಕಿನ ಬಿಲ್ಲಿನಲ್ಲಿ ಅಂಗಡಿಯ ಜಿ.ಎಸ್.ಟಿ. ಸಂಖ್ಯೆ ನಮೂದಾಗಿರದಿದ್ದರೆ ಈ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಕೂಡ ದೊರೆಯದು. ಕಾಂಪೊಸಿಷನ್ ವರ್ತಕರಿಗಂತೂ ಆ ಪ್ರಶ್ನೆಯೇ ಏಳುವುದಿಲ್ಲ.

ಈ ದರಕ್ಕೆ ಕಾನೂನಿನ ಮಿತಿ ಇಲ್ಲವೇ ಎಂದು ಕೇಳುವವರಿದ್ದಾರೆ. ವಾರ್ಷಿಕ ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವು 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ರಿಸರ್ವ್ ಬ್ಯಾಂಕಿನ ರೆಪೊ ದರವು 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಶೇ. 6.50ರಿಂದ ಶೇ. 5.25ಕ್ಕೆ ಇಳಿದಾಗ ಅದಕ್ಕೆ ಜೋಡಣೆಯಾದ ಸಾಲಗಳು ಅಗ್ಗವಾದವು; ಕಾರ್ಡಿನ ದರಕ್ಕೆ ಅದರ ಗಾಳಿಯೂ ಸೋಕಲಿಲ್ಲ. ಹೀಗಾಗಿ ದರ ಇಳಿಯುವುದೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಒಂದು ಲೆಕ್ಕವನ್ನು ನೋಡೋಣ. ಗುರುಗುಂಟಾದ ಒಂದು ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿಯನ್ನು ಊಹಿಸಿಕೊಳ್ಳಿ. ವರ್ಷದ ವಹಿವಾಟು 60 ಲಕ್ಷ ರೂ., ಎರಡು ಕಾರ್ಡುಗಳಲ್ಲಿ ಸೇರಿ ಬಾಕಿ 3 ಲಕ್ಷ ರೂ. ಒಂದು ತಿಂಗಳ ಬಡ್ಡಿ 10,500 ರೂ., ಅದರ ಮೇಲೆ ಜಿ.ಎಸ್.ಟಿ. 1,890 ರೂ., ಒಟ್ಟು 12,390 ರೂ. ಮಾಲೀಕರು ಕಾರ್ಡನ್ನು ಮತ್ತೆ ಬಳಸದೆ ಪ್ರತಿ ತಿಂಗಳು ತಪ್ಪದೆ 15,000 ರೂ. ಕಟ್ಟುತ್ತಾರೆನ್ನಿ. ಮೊದಲ ತಿಂಗಳಲ್ಲಿ ಅಸಲಿಗೆ ಜಮೆಯಾಗುವುದು 2,610 ರೂ. ಮಾತ್ರ. ಹೀಗೆಯೇ ಕಟ್ಟುತ್ತಾ ಹೋದರೆ ಸಾಲ ತೀರಲು ಸುಮಾರು 43 ತಿಂಗಳು ಬೇಕು. ಕಟ್ಟಿದ ಒಟ್ಟು ಮೊತ್ತ ಸುಮಾರು 6 ಲಕ್ಷ 48 ಸಾವಿರ ರೂ. ಅದೇ 3 ಲಕ್ಷವನ್ನು ವಾರ್ಷಿಕ ಶೇ. 11ರ ಸಾಲಕ್ಕೆ ವರ್ಗಾಯಿಸಿ ಅದೇ 15,000 ರೂ. ಕಟ್ಟಿದರೆ 22 ತಿಂಗಳಿಗೆ ಮುಗಿಯುತ್ತದೆ, ಬಡ್ಡಿ ಸುಮಾರು 33,000 ರೂ. ಶೇ. 16ರ ವೈಯಕ್ತಿಕ ಸಾಲವಾದರೂ ಎರಡು ವರ್ಷದೊಳಗೆ, ಸುಮಾರು 51,000 ರೂ. ಬಡ್ಡಿಯಲ್ಲಿ ತೀರುತ್ತದೆ. ಕಟ್ಟುವ ಕಂತು ಒಂದೇ. ವ್ಯತ್ಯಾಸ 3 ಲಕ್ಷ ರೂ.ಗಳಷ್ಟು. ಅಸಲಿನಷ್ಟೇ ಹಣ ಬಡ್ಡಿಯಲ್ಲಿ ಹೋಗುವುದೋ ಉಳಿಯುವುದೋ ಎಂಬುದು ಸಾಲದ ಹೆಸರಿನ ಮೇಲೆ ನಿಂತಿದೆ.

ಇನ್ನೊಂದು ಅಂಶವನ್ನು ಹಲವರು ಅರಿತಿರುವುದಿಲ್ಲ. ಹಿಂದಿನ ಬಿಲ್ಲಿನಲ್ಲಿ ಬಾಕಿ ಉಳಿದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ದೊರೆಯುವುದಿಲ್ಲ. ಖರೀದಿಸಿದ ದಿನದಿಂದಲೇ ಬಡ್ಡಿ ಓಡುತ್ತದೆ. ‘ಕಾರ್ಡಿನಲ್ಲಿ ಕೊಂಡರೆ ಐವತ್ತು ದಿನ ಬಡ್ಡಿಯಿಲ್ಲ’ ಎಂಬ ಮಾತು ಬಾಕಿ ಇಲ್ಲದವರಿಗೆ ಮಾತ್ರ ಸತ್ಯ.

ಬಾಕಿಯನ್ನು ಬಿಡಿಸಿ ನೋಡುವುದು

ವರ್ಗಾವಣೆಗೆ ಮೊದಲು ಮಾಡಬೇಕಾದ ಕೆಲಸ, ಆ ಬಾಕಿ ಏತರಿಂದ ಆಯಿತು ಎಂದು ಹುಡುಕುವುದು. ಹನ್ನೆರಡು ತಿಂಗಳ ಕಾರ್ಡ್ ಸ್ಟೇಟ್‌ಮೆಂಟುಗಳನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಖರ್ಚಿನ ಮುಂದೆ ಗುರುತು ಹಾಕಬೇಕು. ಮೇಲಿನ ಉದಾಹರಣೆಯ ಅಂಗಡಿಯಲ್ಲಿ 1 ಲಕ್ಷ 80 ಸಾವಿರ ರೂ. ಮಾಲು ಪೂರೈಸಿದ ವಿತರಕರಿಗೆ ಹೋಗಿದೆ ಎಂದಿಟ್ಟುಕೊಳ್ಳೋಣ; ಅದು ಈಗ ರೈತರ ಉದ್ರಿಯಾಗಿ ಊರೂರಲ್ಲಿ ಹರಡಿದೆ. 70,000 ರೂ. ತೂಕದ ಯಂತ್ರ, ಬ್ಯಾಟರಿ, ಕಪಾಟುಗಳಿಗೆ ಹೋಗಿದೆ. ಉಳಿದ 50,000 ರೂ. ಮಗಳ ಕಾಲೇಜಿನ ಫೀಸು, ಆಸ್ಪತ್ರೆಯ ಖರ್ಚು.

ಈ ಮೂರೂ ಒಂದೇ ಸಾಲವಲ್ಲ. ಮೊದಲನೆಯದು ದುಡಿಯುವ ಬಂಡವಾಳ. ಬೆಳೆ ಬಂದಾಗ ತಾನಾಗಿ ಹಿಂದಿರುಗಿ, ಮುಂದಿನ ಹಂಗಾಮಿಗೆ ಮತ್ತೆ ಬೇಕಾಗುವಂಥದು. ಎರಡನೆಯದು ಸ್ಥಿರ ಆಸ್ತಿ. ಎರಡು ಮೂರು ವರ್ಷ ದುಡಿದು ತನ್ನ ಬೆಲೆಯನ್ನು ತಾನೇ ತೀರಿಸುವಂಥದು. ಮೂರನೆಯದು ಮನೆಯ ಖರ್ಚು. ಅದು ಹಿಂದಿರುಗುವುದಿಲ್ಲ, ಮನೆಯ ಆದಾಯದಿಂದಲೇ ತೀರಬೇಕು. ಮೂರನ್ನೂ ಒಟ್ಟುಗೂಡಿಸಿ ಒಂದೇ ವೈಯಕ್ತಿಕ ಸಾಲಕ್ಕೆ ಹಾಕಿದರೆ ಬಡ್ಡಿ ಕಡಿಮೆಯಾಗುವುದು ನಿಜ. ಆದರೆ ಮುಂದಿನ ಮುಂಗಾರಿಗೆ ವಿತರಕರಿಗೆ ಕಟ್ಟಲು ಹಣ ಬೇಕಾಗುತ್ತದೆ, ಆಗ ಖಾಲಿಯಾದ ಕಾರ್ಡು ಮತ್ತೆ ಹೊರಬರುತ್ತದೆ. ಎರಡು ವರ್ಷದಲ್ಲಿ ವೈಯಕ್ತಿಕ ಸಾಲವೂ ಇರುತ್ತದೆ, ಕಾರ್ಡಿನ ಬಾಕಿಯೂ ಇರುತ್ತದೆ. ವರ್ಗಾವಣೆ ವಿಫಲವಾಗುವುದು ಬಹುಮಟ್ಟಿಗೆ ಹೀಗೆಯೇ.

ಬಾಕಿ ಐವತ್ತು ಸಾವಿರದೊಳಗಿದ್ದು ಎರಡು ಮೂರು ತಿಂಗಳಲ್ಲಿ ತೀರಿಸಬಲ್ಲವರು ಹೊಸ ಸಾಲದ ಗೊಡವೆಗೆ ಹೋಗಬೇಕಾಗಿಲ್ಲ. ನಿಧಾನವಾಗಿ ಖರ್ಚಾಗುವ ಸರಕಿನ ಖರೀದಿಯನ್ನು ಒಂದು ಹಂಗಾಮು ತಡೆದರೆ ಸಾಕಾಗುತ್ತದೆ.

ಉದ್ರಿಗೆ ತಕ್ಕ ಸಾಲ: ಕ್ಯಾಶ್ ಕ್ರೆಡಿಟ್

ಉದ್ರಿಯಲ್ಲಿ ಸಿಕ್ಕಿಕೊಂಡ ಭಾಗಕ್ಕೆ ಸರಿಹೊಂದುವುದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿ, ಅಂದರೆ ನಮ್ಮವರು ಸಿ.ಸಿ. ಖಾತೆ ಎನ್ನುವುದು. ಇದರ ಗುಣವೆಂದರೆ ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಜುಲೈಯಲ್ಲಿ ತೆಗೆದದ್ದನ್ನು ಡಿಸೆಂಬರಿನಲ್ಲಿ ರಾಶಿಯ ಹಣದಿಂದ ತುಂಬಿದರೆ ಮರುದಿನದಿಂದಲೇ ಬಡ್ಡಿ ನಿಲ್ಲುತ್ತದೆ. ತಿಂಗಳ ಕಂತಿನ ಸಾಲಕ್ಕೆ ಈ ಗುಣವಿಲ್ಲ. ಬೆಳೆ ಬಂದಿರಲಿ ಬಾರದಿರಲಿ, ಐದನೆಯ ತಾರೀಖಿಗೆ ಕಂತು ಕಟ್ಟಲೇಬೇಕು.

1 ಲಕ್ಷ 80 ಸಾವಿರದ ಮೇಲೆ ಕಾರ್ಡಿನ ತಿಂಗಳ ಹೊರೆ 7,434 ರೂ. ಶೇ. 11ರ ಸಿ.ಸಿ. ಖಾತೆಯಲ್ಲಿ ಪೂರ್ತಿ ತೆಗೆದಿದ್ದರೂ 1,650 ರೂ. ಆರು ತಿಂಗಳ ಉದ್ರಿಗೆ ಕಾರ್ಡಿನ ವೆಚ್ಚ ಮಾಲಿನ ಬೆಲೆಯ ಶೇ. 24.78ರಷ್ಟಾಗುತ್ತದೆ. ಗೊಬ್ಬರದ ಚೀಲದಲ್ಲಾಗಲಿ, ಕಿರಾಣಿಯಲ್ಲಾಗಲಿ ಅಷ್ಟು ಲಾಭಾಂಶ ಯಾರಿಗಿದೆ?

ಮಿತಿ ಎಷ್ಟು ದೊರೆಯಬಹುದು? ಸೂಕ್ಷ್ಮ ಮತ್ತು ಸಣ್ಣ ಘಟಕಗಳ ದುಡಿಯುವ ಬಂಡವಾಳಕ್ಕೆ ನಾಯಕ್ ಸಮಿತಿಯ ಸೂತ್ರ ಪ್ರಸಿದ್ಧವಾದುದು: ವಾರ್ಷಿಕ ವಹಿವಾಟಿನ ಶೇ. 25 ಅಗತ್ಯ ಬಂಡವಾಳವೆಂದು ಎಣಿಸಿ, ಅದರಲ್ಲಿ ಶೇ. 5 ಮಾಲೀಕನದು, ಶೇ. 20 ಬ್ಯಾಂಕಿನದು. ಬ್ಯಾಂಕುಗಳು ಸಾಮಾನ್ಯವಾಗಿ ವರ್ತಕರಿಗೂ ಇದನ್ನೇ ಅಳತೆಗೋಲಾಗಿ ಹಿಡಿಯುತ್ತವೆ. 60 ಲಕ್ಷದ ವಹಿವಾಟಿಗೆ 12 ಲಕ್ಷ ರೂ.ವರೆಗೆ ಕೇಳಲು ಆಧಾರವಿದೆ ಎಂದಾಯಿತು. ಆದರೆ ಇಲ್ಲಿ ವಹಿವಾಟು ಎಂದರೆ ಜಿ.ಎಸ್.ಟಿ. ರಿಟರ್ನಿನಲ್ಲಿ ಮತ್ತು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಿದ ವಹಿವಾಟು. ಅರ್ಧ ಮಾರಾಟವನ್ನು ಚೀಟಿಯಲ್ಲಿ ನಡೆಸಿದವರಿಗೆ ಮಿತಿಯೂ ಅರ್ಧಕ್ಕಿಳಿಯುತ್ತದೆ. ತೆರಿಗೆಯಲ್ಲಿ ಉಳಿಸಿದೆವೆಂದು ಭಾವಿಸಿದ್ದನ್ನು ಅನೇಕರು ಕಾರ್ಡಿನ ಬಡ್ಡಿಯಲ್ಲಿ ಹಲವು ಪಟ್ಟು ಕಟ್ಟುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

2021ರ ಜುಲೈಯಿಂದ ಚಿಲ್ಲರೆ ಮತ್ತು ಸಗಟು ವರ್ತಕರೂ ಆದ್ಯತಾ ವಲಯದ ಸಾಲದ ಉದ್ದೇಶಕ್ಕಾಗಿ ಉದ್ಯಮ ನೋಂದಣಿ ಪಡೆಯಬಹುದು. ಈ ನೋಂದಣಿ ಉಚಿತ. ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. ಮುದ್ರಾ ಯೋಜನೆಯಡಿ 50,000 ರೂ.ವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ವರ್ಗಗಳಲ್ಲಿ ಆಧಾರವಿಲ್ಲದ ಸಾಲ ದೊರೆಯುತ್ತದೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ನೀಡುವ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಬಂದಿದೆ. ತೂಕದ ಯಂತ್ರದಂತಹ ಸಲಕರಣೆಯ ಭಾಗಕ್ಕೆ ಮುದ್ರಾ ಅವಧಿ ಸಾಲವೇ ಸರಿ. ಆದರೆ ಕಾರ್ಡಿನಿಂದ ಈಗಾಗಲೇ ಕೊಂಡದ್ದಕ್ಕೆ ಬ್ಯಾಂಕು ಹಣ ಕೊಡುವುದು ಕಷ್ಟ. ಕೊಳ್ಳುವ ಮುನ್ನವೇ ಅರ್ಜಿ ಹಾಕುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು.

‘ಕಾರ್ಡಿನ ಬಾಕಿ ತೀರಿಸಲು ಸಾಲ ಬೇಕು’ ಎಂದು ಶಾಖೆಗೆ ಹೋದರೆ ವ್ಯವಸ್ಥಾಪಕರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗೆಂದು ಉದ್ದೇಶವನ್ನು ಮುಚ್ಚಿಟ್ಟು ಅರ್ಜಿ ಹಾಕುವುದೂ ಸಲ್ಲದು; ಕ್ರೆಡಿಟ್ ವರದಿಯಲ್ಲಿ ಕಾರ್ಡಿನ ಬಾಕಿ ಅವರಿಗೆ ಕಾಣುತ್ತದೆ. ಇರುವುದನ್ನು ಇರುವಂತೆಯೇ ಹೇಳಬೇಕು: ಅಂಗಡಿಯಲ್ಲಿ ಇಷ್ಟು ದಾಸ್ತಾನು, ರೈತರಿಂದ ಬರಬೇಕಾದ್ದು ಇಷ್ಟು, ವಿತರಕರಿಗೆ ಕೊಡಬೇಕಾದ್ದು ಇಷ್ಟು, ಈ ಅಂತರವನ್ನು ಇದುವರೆಗೆ ಕಾರ್ಡಿನಿಂದ ತುಂಬಿದ್ದೇನೆ, ಇನ್ನು ಮುಂದೆ ಸಿ.ಸಿ. ಖಾತೆಯಿಂದ ನಡೆಸುತ್ತೇನೆ ಎಂದು. ವಿತರಕರಿಗೆ ಸಿ.ಸಿ. ಖಾತೆಯಿಂದಲೇ ಪಾವತಿಸಿ, ನಗದು ಮಾರಾಟದಿಂದ ಮತ್ತು ವಸೂಲಾದ ಉದ್ರಿಯಿಂದ ಬಿಡುವಾದ ಹಣವನ್ನು ಕಾರ್ಡಿಗೆ ಕಟ್ಟಿದರೆ ಒಂದು ಹಂಗಾಮಿನೊಳಗೆ ವರ್ಗಾವಣೆ ಕ್ರಮಬದ್ಧವಾಗಿ ಮುಗಿಯುತ್ತದೆ.

ನಮ್ಮ ಭಾಗದ ವರ್ತಕರು ಎಡವುವ ಒಂದು ಸೂಕ್ಷ್ಮ ಇಲ್ಲಿದೆ. ಸಿ.ಸಿ. ಖಾತೆಯಲ್ಲಿ ಎಷ್ಟು ತೆಗೆಯಬಹುದೆಂಬುದು ಪ್ರತಿ ತಿಂಗಳು ಕೊಡುವ ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಪಟ್ಟಿಯನ್ನು ಅವಲಂಬಿಸಿದೆ. ಸಾಮಾನ್ಯವಾಗಿ 90 ದಿನ ಮೀರಿದ ಉದ್ರಿಯನ್ನು ಬ್ಯಾಂಕುಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಗರದ ವ್ಯಾಪಾರಕ್ಕೆ ಅದು ಸರಿ. ಬಿತ್ತನೆಯಿಂದ ರಾಶಿಯವರೆಗಿನ ಉದ್ರಿಗೆ ಅದು ಹೊಂದದು. ಆದ್ದರಿಂದ ಅರ್ಜಿಯ ಹಂತದಲ್ಲಿಯೇ ಬೆಳೆಯ ಕಾಲಚಕ್ರವನ್ನು ಬರಹದಲ್ಲಿ ವಿವರಿಸಿ, ಹೆಚ್ಚಿನ ದಿನಗಳ ಉದ್ರಿಯನ್ನು ಪರಿಗಣಿಸುವ ಷರತ್ತನ್ನು ಮಂಜೂರಾತಿ ಪತ್ರದಲ್ಲಿಯೇ ಸೇರಿಸುವಂತೆ ಕೋರಬೇಕು. ಅದು ಮಂಜೂರಾತಿಯಾದ ಮೇಲೆ ಆಗುವ ಕೆಲಸವಲ್ಲ. ಉದ್ರಿಗೆ ಬಿಲ್ಲು ಇರಬೇಕು, ಖಾತೆಯಲ್ಲಿ ರೈತನ ಸಹಿ ಇರಬೇಕು. ಕಾಲಮಿತಿ ಕಾಯಿದೆಯಂತೆ ಇಂತಹ ಬಾಕಿಯ ವಸೂಲಿಗೆ ಮೂರು ವರ್ಷದ ಅವಧಿ. ಅದರೊಳಗೆ ಬರಹದಲ್ಲಿ ಒಪ್ಪಿಗೆಯ ಸಹಿ ಪಡೆದರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಬರಗಾಲದ ವರ್ಷ ಇದರ ಬೆಲೆ ತಿಳಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ, ಉದ್ರಿ ಒಂದು ಬೆಳೆಯಿಂದ ಮುಂದಿನ ಬೆಳೆಗೆ ಜಿಗಿಯುವುದನ್ನು ಎಲ್ಲರೂ ಕಂಡಿದ್ದಾರೆ. ಅಂತಹ ವರ್ಷ ಕಾರ್ಡಿನ ಮೇಲೆ ಉದ್ರಿ ಹೊತ್ತವನಿಗೆ ಬಡ್ಡಿಯೇ ಅಸಲನ್ನು ಮುಟ್ಟುತ್ತದೆ.

ಸಣ್ಣ ಉತ್ಪಾದಕರಿಗೆ ಒಂದು ಮಾತು. ತಮ್ಮ ಮಾಲನ್ನು ಕೊಂಡವರು ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳುವ ಹಕ್ಕಿದೆ. ಬರಬೇಕಾದ್ದನ್ನು ಕೇಳಲು ಸಂಕೋಚಪಟ್ಟು ಕಾರ್ಡಿನಿಂದ ಕಚ್ಚಾ ಮಾಲು ಕೊಳ್ಳುವುದು ಜಾಣತನವಲ್ಲ.

ಮನೆಯ ಭಾಗಕ್ಕೆ: ಠೇವಣಿ, ಪಾಲಿಸಿ, ಪಿಗ್ಮಿ, ಚಿನ್ನ

ಮನೆಯ ಖರ್ಚಿನಿಂದಾದ ಬಾಕಿಗೆ ಮೊದಲು ನೋಡಬೇಕಾದ್ದು ತಮ್ಮದೇ ಉಳಿತಾಯವನ್ನು. ಶೇ. 7ರ ನಿಶ್ಚಿತ ಠೇವಣಿಯನ್ನು ಬೀರುವಿನಲ್ಲಿಟ್ಟು ಶೇ. 49ರ ಬಾಕಿ ಹೊರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಠೇವಣಿಯ ಮೇಲಿನ ಓವರ್‌ಡ್ರಾಫ್ಟಿಗೆ ಸಾಮಾನ್ಯವಾಗಿ ಠೇವಣಿಯ ಬಡ್ಡಿಗಿಂತ ಶೇ. 1ರಿಂದ 2 ಮಾತ್ರ ಹೆಚ್ಚು. ಚಾಲ್ತಿಯಲ್ಲಿರುವ ಜೀವವಿಮಾ ಪಾಲಿಸಿಯ ಸರೆಂಡರ್ ಮೌಲ್ಯದ ಮೇಲೆಯೂ ಸಾಲ ಪಡೆಯಬಹುದು. ಪಿಗ್ಮಿ ಕಟ್ಟುತ್ತಿರುವವರು ತಮ್ಮ ಸೌಹಾರ್ದ ಸಹಕಾರಿಯಲ್ಲಿ ಪಿಗ್ಮಿ ಸಾಲದ ದರವನ್ನು ವಿಚಾರಿಸಬಹುದು. ದಿನದ ಗಲ್ಲೆಯಿಂದಲೇ ತೀರುವುದರಿಂದ ಸಣ್ಣ ಅಂಗಡಿಗೆ ಅದು ಹೊಂದುತ್ತದೆ.

ಚಿನ್ನದ ಸಾಲ ಬೇಗ ಸಿಗುತ್ತದೆ, ಬ್ಯಾಂಕುಗಳಲ್ಲಿ ದರವೂ ಮಿತವಾಗಿದೆ. ಹಟ್ಟಿ ಚಿನ್ನದ ಗಣಿಯ ನೆರೆಯಲ್ಲಿದ್ದರೂ ನಮಗಾರಿಗೂ ಚಿನ್ನ ಅಗ್ಗವಾಗಿ ಸಿಕ್ಕಿದ್ದಿಲ್ಲ. ಆದ್ದರಿಂದ ಅಡವಿಡುವಾಗ ನಿಯಮಗಳನ್ನು ತಿಳಿದಿರುವುದು ಒಳ್ಳೆಯದು. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರ ಗಡುವಿನ ನಿರ್ದೇಶನಗಳಂತೆ, ಬಳಕೆಯ ಉದ್ದೇಶದ ಚಿನ್ನದ ಸಾಲವು 2.5 ಲಕ್ಷ ರೂ.ವರೆಗೆ ಚಿನ್ನದ ಮೌಲ್ಯದ ಶೇ. 85, 5 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75 ಮೀರುವಂತಿಲ್ಲ. ಅಸಲು ಬಡ್ಡಿ ಎರಡನ್ನೂ ಕೊನೆಯಲ್ಲಿ ಒಟ್ಟಿಗೆ ಕಟ್ಟುವ ಸಾಲವಾದರೆ ಅವಧಿ 12 ತಿಂಗಳಿಗೆ ಸೀಮಿತ, ಮತ್ತು ಮಿತಿಯನ್ನು ಕೊನೆಗೆ ಕಟ್ಟಬೇಕಾದ ಪೂರ್ತಿ ಮೊತ್ತದ ಮೇಲೆ ಎಣಿಸಬೇಕು. ಸಾಲ ತೀರಿದ ಮೇಲೆ ಹೆಚ್ಚೆಂದರೆ ಏಳು ಕೆಲಸದ ದಿನಗಳಲ್ಲಿ ಆಭರಣ ಹಿಂದಿರುಗಿಸಬೇಕು. ಸಾಲ ಕೊಟ್ಟವರಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ.

ಒಂದು ವಿವೇಚನೆ ಅಗತ್ಯ. ಕಾರ್ಡಿನ ಬಾಕಿಗೆ ಯಾವ ಆಸ್ತಿಯೂ ಅಡವಾಗಿಲ್ಲ. ಅದನ್ನು ಚಿನ್ನದ ಸಾಲಕ್ಕೋ ಮನೆಯ ಮೇಲಿನ ಸಾಲಕ್ಕೋ ವರ್ಗಾಯಿಸಿದರೆ, ಬಡ್ಡಿ ಇಳಿಯುವುದರೊಡನೆ ಅಪಾಯವು ಮನೆಯೊಳಕ್ಕೆ ಬರುತ್ತದೆ. ಕಂತು ತಪ್ಪಿದರೆ ಹರಾಜಾಗುವುದು ಹೆಣ್ಣುಮಕ್ಕಳ ಆಭರಣ. ಅದು ಅವರ ಸ್ತ್ರೀಧನವಾಗಿರುವಾಗ ಅವರ ಒಪ್ಪಿಗೆ ಶಿಷ್ಟಾಚಾರದ ಮಾತಲ್ಲ, ಹಕ್ಕಿನ ಮಾತು. ಲೆಕ್ಕವನ್ನು ಅವರ ಮುಂದೆಯೇ ಹಾಕಿ ತೋರಿಸುವುದು ಉತ್ತಮ. ಐವತ್ತು ಸಾವಿರದ ಬಾಕಿಗಾಗಿ ಮನೆಯ ಪತ್ರಗಳನ್ನು ಅಡವಿಡುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ.

ವರ್ಗಾವಣೆಯ ಹೆಸರಿನ ಬಲೆಗಳು

ಪೇಟೆಯಲ್ಲಿ ‘ರೊಟೇಷನ್’ ಎಂಬ ವ್ಯವಹಾರ ನಡೆಯುತ್ತದೆ. ಗಡುವಿನ ದಿನ ಒಬ್ಬಾತ ತಮ್ಮ ಕಾರ್ಡಿನ ಬಿಲ್ಲನ್ನು ಕಟ್ಟುತ್ತಾನೆ, ಕೂಡಲೇ ತನ್ನ ಯಂತ್ರದಲ್ಲಿ ಕಾರ್ಡನ್ನು ಉಜ್ಜಿ ಅಸಲನ್ನು ತನ್ನ ಶೇಕಡಾ ಎರಡು ಮೂರರ ದಲಾಲಿಯೊಂದಿಗೆ ಹಿಂಪಡೆಯುತ್ತಾನೆ. ಶೇ. 4.13ರ ಬದಲು ಶೇ. 2.5 ಎಂದು ಲಾಭದಂತೆ ತೋರುತ್ತದೆ. ಆದರೆ ಒಂದು ರೂಪಾಯಿ ಅಸಲೂ ತೀರುವುದಿಲ್ಲ, ವರ್ಷಕ್ಕೆ ಶೇ. 30 ಕೈಬಿಡುತ್ತದೆ. ತಮ್ಮದೇ ಅಂಗಡಿಯ ಯಂತ್ರದಲ್ಲಿ ತಮ್ಮದೇ ಕಾರ್ಡನ್ನು ಉಜ್ಜುವುದು ಇನ್ನೂ ಕೆಟ್ಟದ್ದು. ಇಲ್ಲದ ಮಾರಾಟವೊಂದು ಬ್ಯಾಂಕ್ ಖಾತೆಯಲ್ಲಿ ಹುಟ್ಟುತ್ತದೆ. ಒಂದು ವರ್ಷದಲ್ಲಿ 10 ಲಕ್ಷ ರೂ. ಮುಟ್ಟಿದ ಅಥವಾ ನಗದಾಗಿ 1 ಲಕ್ಷ ಮುಟ್ಟಿದ ಕಾರ್ಡ್ ಪಾವತಿಗಳ ವಿವರವನ್ನು ಬ್ಯಾಂಕುಗಳು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುತ್ತವೆ. ಯು.ಪಿ.ಐ. ಜಮೆಗಳನ್ನು ಆಧರಿಸಿ 2025ರ ಜುಲೈಯಲ್ಲಿ ರಾಜ್ಯದ ಸಣ್ಣ ವರ್ತಕರಿಗೆ ಬಂದ ನೋಟಿಸುಗಳನ್ನು ಮರೆತವರು ಯಾರೂ ಇರಲಾರರು.

ಕಾರ್ಡ್ ಕಂಪನಿಗಳೇ ನೀಡುವ ‘ಬ್ಯಾಲೆನ್ಸ್ ಟ್ರಾನ್ಸ್‌ಫರ್’ ಮತ್ತು ಕಂತು ಪರಿವರ್ತನೆ ಬೇರೆ ಮಾತು, ಅವು ಕಾನೂನುಬದ್ಧ. ಮೊದಲನೆಯದರಲ್ಲಿ ಕಡಿಮೆ ದರ ಕೆಲವೇ ತಿಂಗಳು, ಅನಂತರ ಹಳೆಯ ದರವೇ. ಅಷ್ಟರೊಳಗೆ ಪೂರ್ತಿ ತೀರಿಸಬಲ್ಲವರಿಗೆ ಮಾತ್ರ ಅದು ಉಪಯುಕ್ತ. ಕಂತು ಪರಿವರ್ತನೆಯಲ್ಲಿಯೂ ಬಡ್ಡಿಯ ಮೇಲೆ ಸಾಮಾನ್ಯವಾಗಿ ಜಿ.ಎಸ್.ಟಿ. ಇರುತ್ತದೆಯಾದ್ದರಿಂದ ಶೇ. 15 ಎಂದದ್ದು ಶೇ. 17.7 ಎಂದು ಓದಿಕೊಳ್ಳಬೇಕು.

ಖಾಸಗಿ ಹಣಕಾಸು ಸಂಸ್ಥೆಗಳ ಪ್ರತಿನಿಧಿಗಳು ‘ಫ್ಲಾಟ್’ ದರ ಹೇಳುವುದುಂಟು. 3 ಲಕ್ಷಕ್ಕೆ ಶೇ. 12 ಫ್ಲಾಟ್, 36 ತಿಂಗಳು ಎಂದರೆ ಕಂತು 11,333 ರೂ. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮೊದಲ ದಿನದ ಅಸಲಿನ ಮೇಲೆಯೇ ಬೀಳುವುದರಿಂದ ನಿಜವಾದ ದರ ಶೇ. 21ರಷ್ಟಾಗುತ್ತದೆ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಮತ್ತು ಎಂ.ಎಸ್.ಎಂ.ಇ. ಅವಧಿ ಸಾಲಗಳಿಗೆ ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಕೊಡುವುದು ಕಡ್ಡಾಯವಾಗಿದೆ. ಆ ಒಂದು ಹಾಳೆಯನ್ನು ಕೇಳಿ ಪಡೆಯಿರಿ. ಬಾಯಿಮಾತಿನ ದರವನ್ನು ಬರೆದುಕೊಳ್ಳಬೇಡಿ.

ಹೊಲವಿರುವ ವರ್ತಕರಿಗೆ ಇನ್ನೊಂದು ಆಕರ್ಷಣೆಯಿದೆ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲ ಅಥವಾ ಕಿಸಾನ್ ಕ್ರೆಡಿಟ್ ಕಾರ್ಡಿನ ಹಣವನ್ನು ತೆಗೆದು ಕಾರ್ಡಿಗೆ ಕಟ್ಟಿಬಿಡುವುದು. ದರ ನೋಡಿದರೆ ಇದಕ್ಕಿಂತ ಅಗ್ಗದ ವರ್ಗಾವಣೆ ಇಲ್ಲ. ಆದರೆ ಅದು ಬೆಳೆಗಾಗಿ ಸರ್ಕಾರ ಸಹಾಯಧನ ನೀಡುವ ಸಾಲ. ಬೇರೆಡೆಗೆ ತಿರುಗಿಸುವುದು ದುರ್ಬಳಕೆ. ಬಿತ್ತನೆಗೆ ಹಣವಿಲ್ಲದೆ ಅದೇ ರೈತ-ವರ್ತಕರು ಮತ್ತೆ ಕಾರ್ಡನ್ನು ಉಜ್ಜುವುದೂ ಉಂಟು. ಪರವಾನಗಿಯಿಲ್ಲದ ಕೈಸಾಲದವರ ಕಡೆಗೆ ಹೋಗುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯವು 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು.

‘ಸೆಟ್ಲ್‌ಮೆಂಟ್’ ಮಾಡಿಸಿಕೊಡುತ್ತೇವೆ, ಅರ್ಧ ಕಟ್ಟಿದರೆ ಸಾಕು ಎನ್ನುವವರಿಗೂ ಕಿವಿಗೊಡುವ ಮುನ್ನ ಯೋಚಿಸಬೇಕು. ಕ್ರೆಡಿಟ್ ವರದಿಯಲ್ಲಿ ಆ ಖಾತೆ ‘ಮುಕ್ತಾಯ’ ಎಂದಲ್ಲ, ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಮುಂದೆ ಸಿ.ಸಿ. ಮಿತಿ ಕೇಳಲು ಹೋದಾಗ ಶಾಖೆಯ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ವ್ಯಾಪಾರವನ್ನೇ ಮುಚ್ಚಿ ಬೇರೆ ದಾರಿಯಿಲ್ಲದವರಿಗೆ ಅದು ಕೊನೆಯ ಉಪಾಯ. ವ್ಯಾಪಾರ ನಡೆಸುವವರಿಗೆ ಅಲ್ಲ.

ಲೆಕ್ಕಪತ್ರ ಮತ್ತು ಕಾರ್ಡಿನ ಮುಕ್ತಾಯ

ವ್ಯವಹಾರಕ್ಕಾಗಿ ಪಡೆದ ಸಾಲದ ಬಡ್ಡಿಯನ್ನು ಆದಾಯದಲ್ಲಿ ಖರ್ಚೆಂದು ಕಳೆಯಬಹುದು. ಮನೆಯ ಖರ್ಚಿನ ಬಡ್ಡಿಯನ್ನು ಕಳೆಯಲಾಗದು. ಆದ್ದರಿಂದ ಮೊದಲು ಮಾಡಿದ ವಿಂಗಡಣೆ ತೆರಿಗೆಗೂ ಬೇಕು. ವೈಯಕ್ತಿಕ ಸಾಲ ಪಡೆದು ಅಂಗಡಿಯ ಬಾಕಿ ತೀರಿಸಿದ್ದರೆ, ಕಾರ್ಡಿನ ಸ್ಟೇಟ್‌ಮೆಂಟು, ವಿತರಕರ ಬಿಲ್ಲು, ಹೊಸ ಸಾಲದ ಜಮೆ, ಕಾರ್ಡಿಗೆ ಪಾವತಿ ಈ ನಾಲ್ಕೂ ಒಂದೇ ಕಡತದಲ್ಲಿರಲಿ. ಹಣದ ಜಾಡು ಕಂಡರೆ ಆ ಬಡ್ಡಿಯೂ ವ್ಯವಹಾರದ ಖರ್ಚಾಗುತ್ತದೆ. ಮನೆಯ ಭಾಗವನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹಾಕಬೇಕು.

ಕೈಗೆ ಹೆಚ್ಚು ಹಣ ಬಂದ ವರ್ಷ ಅವಧಿಗೆ ಮುನ್ನವೇ ಸಾಲ ತೀರಿಸಲು ಹಿಂಜರಿಯಬೇಕಾಗಿಲ್ಲ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣವಾದ ಬದಲಾಗುವ ದರದ ಸಾಲಗಳಲ್ಲಿ, ವ್ಯಕ್ತಿಗಳು ಮತ್ತು ಸೂಕ್ಷ್ಮ, ಸಣ್ಣ ಉದ್ದಿಮೆಗಳು ವ್ಯವಹಾರಕ್ಕಾಗಿ ಪಡೆದದ್ದಕ್ಕೆ ವಾಣಿಜ್ಯ ಬ್ಯಾಂಕುಗಳು ಮುಂಗಡ ಪಾವತಿ ಶುಲ್ಕ ವಿಧಿಸುವಂತಿಲ್ಲ. ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಂತಹ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೂ 50 ಲಕ್ಷ ರೂ.ವರೆಗಿನ ಸಾಲಗಳಿಗೆ ಇದು ಅನ್ವಯಿಸುತ್ತದೆ.

ಬಾಕಿ ಶೂನ್ಯವಾದ ದಿನ ಎರಡು ಕಾರ್ಡುಗಳಲ್ಲಿ ಒಂದನ್ನಾದರೂ ಮುಚ್ಚಿಸಬೇಕು. ಉಳಿದದ್ದರ ಮಿತಿಯನ್ನು, ಪೂರ್ತಿ ಬಿಲ್ಲನ್ನು ಒಂದೇ ತಿಂಗಳ ನಗದು ಮಾರಾಟದಿಂದ ಕಟ್ಟಬಲ್ಲಷ್ಟಕ್ಕೆ ಇಳಿಸಿಕೊಳ್ಳಬೇಕು. ಮುಚ್ಚಲು ಕೋರಿದ ಏಳು ಕೆಲಸದ ದಿನಗಳಲ್ಲಿ ಬ್ಯಾಂಕು ಮುಚ್ಚಬೇಕು; ಬಾಕಿ ಇಲ್ಲದಿದ್ದೂ ತಡಮಾಡಿದರೆ ದಿನಕ್ಕೆ 500 ರೂ. ದಂಡವನ್ನು ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳಲ್ಲಿ ನಿಯಮ ಬಂದಿತು. ಕೋರಿಕೆಯನ್ನು ಇ-ಮೇಲ್ ಮೂಲಕ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳಿ. ಅದಕ್ಕೆ ಮೊದಲು ಆ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತಿರುವ ವಿಮಾ ಕಂತು, ಮೊಬೈಲ್ ಬಿಲ್ಲು ಮುಂತಾದವುಗಳನ್ನು ಬೇರೆ ಖಾತೆಗೆ ಬದಲಿಸಬೇಕು. ಮರೆತ ಮುನ್ನೂರು ರೂಪಾಯಿಯ ಬಿಲ್ಲೊಂದು ಕಾರ್ಡನ್ನು ಮತ್ತೆ ಬಾಕಿಗೆ ಎಳೆದ ಪ್ರಸಂಗಗಳುಂಟು. ಬ್ಯಾಂಕುಗಳು ಕ್ರೆಡಿಟ್ ಮಾಹಿತಿಯನ್ನು ಹದಿನೈದು ದಿನಕ್ಕೊಮ್ಮೆ ಪರಿಷ್ಕರಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದಿತ್ತು. ಒಂದು ತಿಂಗಳು ಬಿಟ್ಟು, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ವರದಿಯನ್ನು ತರಿಸಿ, ಕಾರ್ಡಿನ ಎದುರು ‘ಕ್ಲೋಸ್ಡ್’ ಎಂದೂ ಬಾಕಿಯ ಎದುರು ಸೊನ್ನೆ ಎಂದೂ ಇರುವುದನ್ನು ನೋಡಿಕೊಂಡು, ಆ ಪ್ರತಿಯನ್ನು ಸಿ.ಸಿ. ಖಾತೆಯ ಕಡತದಲ್ಲಿಯೇ ಇಡಿ. ಮುಂದಿನ ವರ್ಷ ಮಿತಿಯ ನವೀಕರಣಕ್ಕೆ ಹೋದಾಗ ಅದು ಬೇಕಾಗುತ್ತದೆ.